ಕುಶಾಲಪ್ಪ ಮಾಸ್ಟ್ರ ಪೆಪ್

ಕುಶಾಲಪ್ಪ ಮಾಸ್ಟ್ರು ಬಾಯಿ ತೆರೆಯುವ ಮೊದಲೇ ಅವರ ಬೆತ್ತ ಗಾಳಿಯಲ್ಲಿ ಸುಂಯ್ ಎನ್ನುತ್ತಿತ್ತು. ಸುಳ್ಯದ ಕಡೆಯವರು. ಮಿಲಿಟರಿಯಿಂದ ಬಂದು ಕಡಬದ ನಮ್ಮ ಶಾಲೆಯಲ್ಲಿ ಡ್ರಿಲ್ ಮಾಸ್ಟರಾಗಿದ್ದರು. ಐವತ್ತರ ದಶಕದ ಕೊನೆಯಲ್ಲಿ ನಾನಲ್ಲಿ ಇಂಗ್ಲಿಷ್ ಟೀಚರ್.

ಬೆಳಗಿನ ಕವಾಯತಿನಲ್ಲಿ ಯಾರ ಕೈ ಸ್ವಲ್ಪ ಜೋತರೂ ಮೀನಖಂಡಕ್ಕೆ ಏಟು. “ಪೆಪ್ ಎಲ್ಲುಂಟು ನಿನ್ನದು? ಮನೆಯಲ್ಲಿ ಇಟ್ಟು ಬಂದದ್ದಾ?” ಮತ್ತೊಂದು ಏಟು. “ಈಗ ಬಂತಾ ಪೆಪ್?” ರಕ್ತ ಜಿನುಗಿದರೂ ಅಳುವಂತಿರಲಿಲ್ಲ. ಅದೇ ಮನುಷ್ಯ ಮಧ್ಯಾಹ್ನ ಊಟ ತಾರದವರಿಗೆ ತನ್ನ ಬುತ್ತಿ ಹಂಚಿ, ಏಟು ತಿಂದ ಕಾಲಿಗೆ ತಾನೇ ಎಣ್ಣೆ ಹಚ್ಚುತ್ತಿದ್ದರು.

ಒಂದು ದಿನ ಏಳನೇ ತರಗತಿಯಲ್ಲಿ, ಪೆಪ್ ಎಂಬ ಶಬ್ದವನ್ನು ವಾಕ್ಯದಲ್ಲಿ ಬಳಸಿ ಎಂದೆ. ಲೀಲಾ ಎದ್ದು ನಿಂತಳು.

“ನಿನ್ನೆ ಅಪ್ಪ ಕುಡಿದು ಬಂದು ಅಮ್ಮನಿಗೆ ಪೆಪ್ ಕೊಟ್ಟರು.”

ಯಾರೂ ನಗಲಿಲ್ಲ. ಮಕ್ಕಳ ಪಾಲಿಗೆ ಪೆಪ್ ಎಂದರೆ ಏಟು.

ಮಾಸ್ಟ್ರಿಗೆ ಇದನ್ನು ಹೇಳಿ, “ಪೆಪ್ ಅಂದ್ರೆ ಲವಲವಿಕೆ, ಹುರುಪು ಸರ್” ಎಂದೆ. ಅವರು ಕೈಯಲ್ಲಿದ್ದ ಬೆತ್ತವನ್ನು ನೋಡಿದರು.

“ನಮ್ಮ ಸುಬೇದಾರ ಎದೆಗೆ ಬೂಟಿನಲ್ಲಿ ಒದ್ದು ಹೇಳುದು ಅದನ್ನು. ಅರ್ಥ ಯಾರೂ ಹೇಳ್ಲಿಲ್ಲ ಟೀಚರ್.”

ನನ್ನೆದುರಿಗೇ ಬೆತ್ತವನ್ನು ಮುರಿದು ಹಾಕಿದರು.

ಮುಂದಿನದ್ದು ಲೀಲಾಳ ಬಾಯಿಂದ ಕೇಳಿದ್ದು. ಅದೇ ಸಂಜೆ ಮಾಸ್ಟ್ರು ಅವಳ ಮನೆಗೆ ಹೋದಾಗ ಅಪ್ಪ ಅಮ್ಮನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿಯುತ್ತಿದ್ದನಂತೆ. ಬಿಡಿಸಲು ಹೋದ ಮಾಸ್ಟ್ರ ಹಣೆಗೆ ಸೌದೆಯಿಂದ ಹೊಡೆದ. ಮಾಸ್ಟ್ರು ಅವನನ್ನು ಅಂಗಳಕ್ಕೆ ಎಳೆದು ಬಲಗೈ ತಿರುಚಿ ಮುರಿದರು. ಬಿದ್ದ ಮೇಲೂ ಒದ್ದರು, ಒದೆಯುತ್ತಲೇ ಇದ್ದರು. ಕಾಲು ಹಿಡಿದು ನಿಲ್ಲಿಸಿದವಳು ಲೀಲಾಳ ಅಮ್ಮ. ಮರುದಿನ ಪೊಲೀಸರಿಗೆ ದೂರು ಕೊಟ್ಟವಳೂ ಅವಳೇ.

ಮಾಸ್ಟ್ರನ್ನು ನಾನು ಕೊನೆಯದಾಗಿ ನೋಡಿದ್ದು ಪುತ್ತೂರಿನ ಕೋರ್ಟಿನ ಜಗಲಿಯಲ್ಲಿ. ಹಣೆಯ ಗಾಯ ಇನ್ನೂ ಮಾಗಿರಲಿಲ್ಲ.

“ಬಿಡಿಸ್ಲಿಕ್ಕೆ ಹೋದದ್ದು ಅಂತ ಹೇಳಿ ಸರ್,” ಎಂದೆ.

“ಕೈ ಮುರಿದದ್ದು ಬಿಡಿಸ್ಲಿಕ್ಕೆ. ಬಿದ್ದವನನ್ನು ಒದ್ದದ್ದು ಎಂತಕ್ಕೆ? ಆಗ ನನಗೆ ಖುಷಿ ಆಗ್ತಾ ಇತ್ತು ಟೀಚರ್. ಸುಳ್ಳು ಹೇಳುದು ಹೇಗೆ?”

ಒಳಗಿನಿಂದ ಅವರ ಹೆಸರು ಕರೆದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

“ಲೀಲಾ ಶಾಲೆಗೆ ಬರ್ತಾಳಲ್ಲ?”

ಅವಳನ್ನು ಶಾಲೆ ಬಿಡಿಸಿ ಎರಡು ವಾರವಾಗಿತ್ತು.

“ಬರ್ತಾಳೆ ಸರ್,” ಎಂದೆ.