ಕುತುಬನ ಫೋನಿಗೆ ಬರುತ್ತಿದ್ದ ಆರು ಅಂಕಿ

ಕುತುಬುದ್ದೀನ ತೀರಿಕೊಂಡ ಹನ್ನೊಂದನೆಯ ದಿನ ಗದಿಗೆವ್ವ ನಮ್ಮ ಮನೆಗೆ ಬಂದಳು. ಯಳವತ್ತಿಯ ಮಹಿಳಾ ಸಂಘದ ಕಾರ್ಯದರ್ಶಿ. ಸಂಘದ ಲ್ಯಾಪ್‌ಟಾಪನ್ನು ಸೆರಗಿನಡಿ ಕೂಸಿನ ಹಾಗೆ ಹಿಡಿದುಕೊಂಡಿದ್ದಳು.

"ಸರ, ಸಂಘದ ಠರಾವು ಸೇವ್ ಆಗವಲ್ದ್ರಿ. ಸೈನ್ ಇನ್ ಅವಧಿ ಮುಗದೈತಿ ಅಂತ ಮ್ಯಾಲ ಹಳದಿ ಪಟ್ಟಿ ಬರತೈತಿ. ಮತ್ತ ಸೈನ್ ಇನ್ ಮಾಡಾಕ ಹೋದ್ರ ಆರು ಅಂಕಿ ಕೇಳತೈತಿ. ಅವು ನನ್ನ ಫೋನಿಗೆ ಬರೂದಿಲ್ರಿ."

"ಮತ್ತ ಯಾರ ಫೋನಿಗೆ ಬರತಾವು?"

ಅವಳು ನೆಲ ನೋಡಿದಳು. "ಕುತುಬಣ್ಣನ ಫೋನಿಗ್ರಿ."

ನನ್ನದೂ ಹಾಗೆಯೇ ಇತ್ತು. ಹಳೆಯ ಬಸ್‌ನಿಲ್ದಾಣದ ಹಿಂದೆ ಕುತುಬ ಟೈಪಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷ. ಮೊದಲು ಮಷಿನ್ನು, ಆಮೇಲೆ ಕಂಪ್ಯೂಟರು. ಕಡತಗಳನ್ನು ಕ್ಲೌಡಿನಲ್ಲಿ ಇಡುವುದನ್ನು ಲಕ್ಷ್ಮೇಶ್ವರದ ಅರ್ಧ ಮಂದಿಗೆ ಕಲಿಸಿದವನು ಅವನೇ. ಹಳ್ಳಿಯವರು ವರ್ಷಕ್ಕೊಂದು ಸಿಮ್ ಬದಲಿಸುತ್ತಾರೆ, ಪಾಸ್‌ವರ್ಡ್ ಮರೆಯುತ್ತಾರೆ. ಅದಕ್ಕೇ ಅಂಗಡಿಗೆ ಖಾಯಂ ಬರುವವರ ಖಾತೆಗೆಲ್ಲ ತನ್ನ ನಂಬರನ್ನೇ ಕೊಟ್ಟುಬಿಟ್ಟಿದ್ದ. ಹಾಗೆ ಮಾಡಬೇಡ ಎಂದು ನಾನು ಹೇಳಿದಾಗ ನಕ್ಕಿದ್ದ.

"ಲೇ ಮಾಸ್ತರ, ಹದಿನೆಂಟು ವರ್ಷ ಆತು, ನನ್ನ ನಂಬರ ಬದಲಾಗಿಲ್ಲ. ನಾ ಎಲ್ಲಿಗೆ ಓಡಿ ಹೊಕ್ಕೀನಿ?"

ಅವಧಿ ಮುಗಿದ ಪಟ್ಟಿ ಕಂಡರೆ ಜನ ಹೆದರುತ್ತಿದ್ದರು. ಅವನು ಮೊದಲು ಕಡತದ ಒಂದು ನಕಲನ್ನು ಕಂಪ್ಯೂಟರಿನಲ್ಲೇ ಉಳಿಸುತ್ತಿದ್ದ. ಆಮೇಲೆ ಖಾತೆಯಿಂದ ಹೊರಗೆ ಬಂದು, ಎಲ್ಲ ಮುಚ್ಚಿ, ಮತ್ತೆ ಸೈನ್ ಇನ್ ಮಾಡುತ್ತಿದ್ದ. "ಹೊರಗ ಬಂದ್ರ ಮನಿ ಬೀಳೂದಿಲ್ಲ್ರಿ. ಕಾಲು ತೊಳಕೊಂಡು ಮತ್ತ ಒಳಗ ಬಂದಂಗ, ಅಷ್ಟ," ಎನ್ನುತ್ತಿದ್ದ. ಅಷ್ಟರಲ್ಲಿ ಜೇಬಿನ ಫೋನು ಟಿಣ್ ಎನ್ನುತ್ತಿತ್ತು. ಆರು ಅಂಕಿ ಓದಿ ಹೇಳಿ, ಕೆಲಸ ಮುಗಿಸಿಬಿಡುತ್ತಿದ್ದ.

ನನ್ನ ಕಡತ ಹೊಲಗಳ ಹೆಸರಿನದು. ಶಾಲೆಯಿಂದ ನಿವೃತ್ತನಾದ ಮೇಲೆ ಯಳವತ್ತಿ, ಅಡರಕಟ್ಟಿ ಸುತ್ತಿನ ಹೊಲಗಳ ಹೆಸರನ್ನು ಒಂಬತ್ತು ವರ್ಷ ಕೂಡಿಸಿದೆ. ನರಿಗುದ್ದು, ಹುಣಸಿಬಡ್ಡಿ, ಅತ್ತಿ ಮುನಿದ ಹೊಲ. ಶುಕ್ರವಾರ ನಮಾಜು ಮುಗಿಸಿ ಬಂದು ಕುತುಬ ನನ್ನ ಚೀಟಿಗಳನ್ನು ಟೈಪು ಮಾಡುತ್ತಿದ್ದ. ಮುಗಿದದ್ದನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದ. ಹೆಸರು ಹೇಳಿದ ಮುದುಕರಲ್ಲಿ ಬಹಳ ಮಂದಿ ಈಗಿಲ್ಲ. ಚೀಟಿಗಳಿಲ್ಲ. ಇರುವುದೊಂದೇ ಕಡತ, ಅದರ ಖಾತೆ ಕುತುಬನ ನಂಬರಿನ ಮೇಲೆ.

ಗದಿಗೆವ್ವನನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಅಂಗಡಿ ಖಾಲಿ ಮಾಡಿ ಕಂಪ್ಯೂಟರನ್ನು ಪಡಸಾಲೆಯಲ್ಲಿ ಇಟ್ಟಿದ್ದರು. ಅವನ ಹೆಂಡತಿ ರೋಶನಬಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅವನ ಫೋನು ಚಾರ್ಜಿಗೆ ಹಾಕಿತ್ತು.

"ಭಾಬಿ, ಒಂದು ನಂಬರ ಬರತೈತಿ. ಓದಿ ಹೇಳ್ತೀರೇನ್ರಿ?"

ಫೋನು ಟಿಣ್ ಎಂದಿತು. ಅವಳು ಬೆಚ್ಚಿ ಎದ್ದಳು. ಕನ್ನಡಕ ಹುಡುಕಿ, ಹಾಕಿಕೊಂಡು, ಒಂದೊಂದೇ ಅಂಕಿ ಓದುವಷ್ಟರಲ್ಲಿ ಅದರ ಅವಧಿಯೂ ಮುಗಿದುಹೋಯಿತು.

"ಅಯ್ಯ, ಇದೆಂಥಾ ಅವಸರದ್ದ್ರಿ!" ಎಂದು ಗದಿಗೆವ್ವ ರೇಗಿದಳು. ಅವತ್ತು ಆ ಮನೆಯಲ್ಲಿ ರೋಶನಬಿ ಮೊದಲ ಸಲ ನಕ್ಕಳು.

ಎರಡನೆಯ ಸಲ ಆಯಿತು. ಠರಾವು ಉಳಿಯಿತು. ಹೊರಡುವ ಮೊದಲು ಆ ಖಾತೆಗೆ ಗದಿಗೆವ್ವನ ನಂಬರನ್ನೇ ಹಾಕಿಸಿದೆ.

ಮಗ ಮೊಹಸಿನ ಬೆಟಗೇರಿಯಿಂದ ಬಂದಿದ್ದ. "ಕಾಕಾ, ನಲವತ್ತನೇ ದಿನ ಫಾತಿಹಾ ಓದಿಸಿ ಅಬ್ಬಾನ ಸಾಮಾನೆಲ್ಲಾ ಹಂಚಿ ಕೊಡತೀವ್ರಿ. ಅಂಗಿ, ಗಡಿಯಾರ, ಫೋನು. ನಂಬರೂ ಬಂದ್ ಮಾಡಸ್ತೀನಿ. ಟಿಣ್ ಅಂದ್ರ ಸಾಕು, ಅಮ್ಮಿ ಓಡಿ ಹೊಕ್ಕಾಳ."

ಉಳಿದದ್ದು ಇಪ್ಪತ್ತೊಂಬತ್ತು ದಿನ. ತನ್ನ ನಂಬರಿನ ಮೇಲೆ ಖಾತೆ ಇದ್ದವರ ಇಪ್ಪತ್ತಮೂರು ಹೆಸರನ್ನು ಕುತುಬ ಕಪಾಟಿನ ಬಾಗಿಲಿನ ಒಳಗೆ ಬರೆದು ಅಂಟಿಸಿದ್ದ. ಒಬ್ಬೊಬ್ಬರನ್ನೇ ಕರೆಸಿದೆ. ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಒಬ್ಬಿಬ್ಬರು ಇರುತ್ತಿದ್ದರು. ರೋಶನಬಿ ಅಂಕಿ ಓದುವುದರಲ್ಲಿ ಪಳಗಿದಳು. ಬಂದವರಿಗೆ ಚಹಾ ಮಾಡುತ್ತಿದ್ದಳು. ಕುತುಬ ಯಾರಿಗೆ ಹೇಗೆ ಬೈಯುತ್ತಿದ್ದ ಎಂದು ಅವರು ಹೇಳಿದರೆ, ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಬ್ಬರದು ಮುಗಿದರೆ ಆ ಫೋನಿಗೆ ಬರುವ ಒಂದು ಸದ್ದು ಕಡಿಮೆಯಾಗುತ್ತಿತ್ತು. ಅದು ನನಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ನನ್ನ ಹೆಸರಿಗೆ ಬಂದಾಗಲೆಲ್ಲ ಮುಂದಿನವರನ್ನು ಕರೆದೆ.

ಮೂವತ್ತೊಂಬತ್ತನೆಯ ದಿನ ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ನಾನು, ಅವಳು.

"ಎಲ್ಲಾರದೂ ಆತೇನ್ರಿ, ಮಾಸ್ತರ?"

"ಆತ್ರಿ."

"ನಿಮ್ದು?"

ನಾನು ಕಪಾಟಿನ ಬಾಗಿಲಿನತ್ತ ನೋಡಿದೆ. ಅವಳಿಗೆ ಗೊತ್ತಾಯಿತು.

"ನಿಮ್ಮ ದೋಸ್ತ ಹೊಲದ ಹೆಸರು ಮನಿಗೆ ಬಂದೂ ಹೇಳತಿದ್ರು. ಅತ್ತಿ ಮುನಿದ ಹೊಲ ಅಂತ ನನ್ನ ಕಾಡಸ್ತಿದ್ರು. ಅವೆಲ್ಲಾ ಹೋದ್ರ ಅವರಿಗೆ ಸೇರತೈತೇನ್ರಿ? ಹೂಂ, ಒತ್ರಿ."

ಒತ್ತಿದೆ. ಟಿಣ್ ಎಂದಿತು. ಕನ್ನಡಕ ಆಗಲೇ ಹಾಕಿಕೊಂಡಿದ್ದಳು. "ನಾಕು. ಸೊನ್ನಿ. ಏಳು. ಏಳು. ಒಂದು." ಅಲ್ಲಿಗೆ ನಿಲ್ಲಿಸಿದಳು. ನಾನು ಅವಸರ ಮಾಡಲಿಲ್ಲ. ಆಮೇಲೆ ಕೊನೆಯದನ್ನು ಹೇಳಿದಳು. "ಮೂರು."

ಕಡತ ತೆರೆಯಿತು. ಒಂಬತ್ತು ನೂರ ಹನ್ನೆರಡು ಹೆಸರು. ಹಳದಿ ಪಟ್ಟಿ ಹೋಯಿತು. ಅವನು ಕಲಿಸಿದ ಹಾಗೆ ಒಂದು ನಕಲನ್ನು ಬೇರೆ ಉಳಿಸಿ, ಖಾತೆಗೆ ನನ್ನ ನಂಬರು ಹಾಕಿದೆ. ರೋಶನಬಿ ಫೋನನ್ನು ಸೆರಗಿನಿಂದ ಒರೆಸಿ, ಮರುದಿನ ಕೊಡಬೇಕಾದ ಅಂಗಿಗಳ ಮೇಲೆ ಇಟ್ಟಳು. ಚಾರ್ಜರಿನ ವೈರು ಗೋಡೆಯಲ್ಲೇ ಜೋತಾಡುತ್ತಿತ್ತು.

ಈಗ ಎರಡು ತಿಂಗಳಾಯಿತು. ಆ ಕಂಪ್ಯೂಟರನ್ನು ಮೊಹಸಿನ ನನಗೇ ಕೊಟ್ಟ. ಮೊನ್ನೆ ಶುಕ್ರವಾರ ಅಡರಕಟ್ಟಿಯ ಒಂದು ಹೊಸ ಹೆಸರು ಸೇರಿಸಲು ಕೂತಾಗ ಮತ್ತೆ ಆ ಪಟ್ಟಿ ಬಂತು. ನಕಲು ಉಳಿಸಿದೆ, ಹೊರಗೆ ಬಂದೆ, ಎಲ್ಲ ಮುಚ್ಚಿ ಒಳಗೆ ಹೋದೆ. ಟಿಣ್ ಎಂದದ್ದು ನನ್ನ ಜೇಬೇ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆರೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿ, ನಾನೇ ಒತ್ತಿದೆ.