ತಳ ನೋಡಲು ಕಲಿಸಿದವರು

ಅವರ ಮುಖಕ್ಕಿಂತ ಹೆಬ್ಬೆರಳೇ ನನಗೆ ಚೆನ್ನಾಗಿ ನೆನಪಿದೆ. ಸರ್ಕಾರ ಕೊಳ್ಳುವ ಸಾಮಾನನ್ನು ಪರೀಕ್ಷಿಸುವುದು ಹೇಗೆಂದು, ಹೊಸದಾಗಿ ಇನ್‌ಸ್ಪೆಕ್ಟರ್ ಆಗಿದ್ದ ನಮಗೆ ಹೊಸಪೇಟೆಯಲ್ಲಿ ತರಬೇತಿ ಕೊಟ್ಟವರು ಅವರು. ಚಿತ್ತವಾಡ್ಗಿಯ ತರಕಾರಿಯವಳು ಎಷ್ಟೇ ಗೊಣಗಲಿ, ಟೊಮೆಟೊವನ್ನು ಬುಟ್ಟಿಯ ತಳದಿಂದಲೇ ತೆಗೆದು, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. “ಮ್ಯಾಲಿಂದು ತೋರ್ಸಾಕ, ತಳದ್ದು ಮಾರಾಕ” ಎನ್ನುವುದು ಅವರ ಮಾತು.

ಒಮ್ಮೆ ಸಂಡೂರಿನ ಹಾಸ್ಟೆಲೊಂದಕ್ಕೆ ಬಂದಿಳಿದ ಸ್ಟೀಲ್ ತಟ್ಟೆಗಳನ್ನು ಪರೀಕ್ಷಿಸಲು ನಮ್ಮನ್ನು ಕರೆದೊಯ್ದರು. ನಾವು ಜಂಬದಿಂದ ಪ್ರತಿ ಪೆಟ್ಟಿಗೆಯ ತಳಕ್ಕೇ ಕೈ ಹಾಕಿದೆವು. ಸಿಕ್ಕ ತಟ್ಟೆಗಳೆಲ್ಲ ಗಟ್ಟಿಯಾಗಿದ್ದವು.

“ಪಾಸ್ ಮಾಡೂಣೇನ್ರಿ ಸರ್?” ಎಂದೆ.

ಅವರು ಪೆಟ್ಟಿಗೆಯ ನಡುವಿನಿಂದ ಒಂದು ತಟ್ಟೆ ಎಳೆದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಹಸಿ ಹಪ್ಪಳದಂತೆ ಬಾಗಿತು.

“ನಾವು ತಳ ನೋಡ್ತೀವಂತ ಅವ್ರಿಗೆ ಯಾರೋ ಹೇಳ್ಯಾರ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹಂಗಾರ ಮುಂದಿನ ಸಲ ಎಲ್ಲಿ ನೋಡೂದ್ರಿ?”

ಅವರು ತಟ್ಟೆಯನ್ನು ಕೆಳಗಿಟ್ಟು, ಸಾಲಾಗಿ ನಿಂತಿದ್ದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಸಾಲಿನ ನಡುವೆ ಅವರ ಕಣ್ಣು ತುಸು ಹೆಚ್ಚು ಹೊತ್ತು ನಿಂತಿತು.