ಬೆಳ್ಳಿ ಮೂಡಿದಾಗ ಹಚ್ಚಿದ ಒಲೆ

ಇವತ್ತು ಮುಂಜಾನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಎಲ್ಲಿಂದಲೋ ಬಚ್ಚಲೊಲೆಯ ಹೊಗೆ ಬಂತು. ತಲೆಯೆತ್ತಿದರೆ ಪೂರ್ವಕ್ಕೆ ಬೆಳ್ಳಿ ಚುಕ್ಕಿ.

ನಾನು ಚಿಕ್ಕವನಿದ್ದಾಗ ಅಪ್ಪನಿಗೆ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ. ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬದ ಮೇಲೆ ಬೆಳ್ಳಿ ಕಂಡೊಡನೆ ಅಮ್ಮ ನೀರೊಲೆ ಹಚ್ಚುತ್ತಿದ್ದಳು. ಅಪ್ಪ ಮೈತುಂಬ ಧೂಳು ಹೊತ್ತು ಬಂದು ಮೀಯುತ್ತಿದ್ದ. ಬಚ್ಚಲಿನಿಂದ ಬೂದಿಬಣ್ಣದ ನೀರು ಹರಿಯುತ್ತಿತ್ತು.

ಗಣಿ ಮುಚ್ಚಿದ ಮೇಲೂ ಒಂದು ಬೆಳಗ್ಗೆ ಒಲೆ ಉರಿಯುತ್ತಿತ್ತು.

“ಅಪ್ಪ ಒಳಗೇ ಮಲಗವ್ನೆ ಕಣಮ್ಮ,” ಎಂದೆ.

“ಸುಮ್ಕಿರ್ಲಾ, ಬೆಳ್ಳಿ ಮೂಡೈತೆ,” ಎಂದಳು ಅಮ್ಮ.

ಅಪ್ಪ ಎದ್ದು ಬಂದು ಮಿಂದ. ಬಚ್ಚಲಿನಿಂದ ತಿಳಿನೀರು ಹರಿದು ಬಂತು. ಅದನ್ನು ನೋಡಿದ ಮೇಲೆ ಅಮ್ಮ ಅತ್ತಳು.

ರೈಲು ಬಂತು. ಬೆಳ್ಳಿ ಇನ್ನೂ ಹೊಳೆಯುತ್ತಿತ್ತು. ಅದನ್ನು ನೋಡಿ ಒಲೆ ಹಚ್ಚುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.